ಬೆಳಗಿನ ಅರ್ಧ ಗಂಟೆಯ ಬೆಲೆ

ಬೆಂಗಳೂರಿನ ಮಧ್ಯಮ ವರ್ಗದ ಮನೆಗಳ ತಿಂಗಳ ಖರ್ಚಿನ ಪಟ್ಟಿಯಲ್ಲಿ ಹಾಲು, ಪೇಪರು, ಮನೆಗೆಲಸದವರ ಸಂಬಳ, ಕಾರು ತೊಳೆಯುವವರ ಸಂಬಳ ಇವುಗಳ ಸಾಲಿಗೆ ಈಚಿನ ವರ್ಷಗಳಲ್ಲಿ ಸೇರಿಕೊಂಡಿರುವ ಬಾಬ್ತೆಂದರೆ ನಾಯಿಯನ್ನು ವಾಕಿಂಗಿಗೆ ಕರೆದೊಯ್ಯುವವರಿಗೆ ಕೊಡುವ ಹಣ. ಡಾಗ್ ವಾಕರ್ ಎಂಬ ಹೆಸರಿನಿಂದಲೇ ಪರಿಚಿತರಾದ ಈ ಕೆಲಸಗಾರರು ಸಾಮಾನ್ಯವಾಗಿ ತಿಂಗಳ ಲೆಕ್ಕದಲ್ಲಿ ದುಡಿಯುತ್ತಾರೆ; ದಿನಕ್ಕೆ ಒಂದು ಹೊತ್ತೋ ಎರಡು ಹೊತ್ತೋ ಬಂದು, ಬೆಲ್ಟು ಕಟ್ಟಿ, ನಾಯಿಯನ್ನು ಅರ್ಧ ಗಂಟೆ ಸುತ್ತಾಡಿಸಿ, ಮನೆಗೆ ಮರಳಿಸುವುದು ಅವರೊಂದಿಗಿನ ಒಪ್ಪಂದ. ಅವರು ಹೇಳುವ ದರ ಬಡಾವಣೆಯಿಂದ ಬಡಾವಣೆಗೆ, ತಳಿಯಿಂದ ತಳಿಗೆ ಬದಲಾಗುತ್ತ ತಿಂಗಳಿಗೆ ಎರಡು ಮೂರು ಸಾವಿರ ರೂಪಾಯಿಯಿಂದ ಹತ್ತು ಸಾವಿರದ ಆಚೆಗೂ ಹೋಗುತ್ತದೆ. ಒಂದೇ ಅಪಾರ್ಟ್‌ಮೆಂಟಿನ ಎರಡು ಮಹಡಿಗಳಲ್ಲಿ, ಒಂದೇ ತಳಿಯ ನಾಯಿಗೆ, ಒಬ್ಬರು ಇನ್ನೊಬ್ಬರ ಎರಡರಷ್ಟು ಕೊಡುತ್ತಿರುವುದೂ ಉಂಟು.

ಈ ಅಂತರವನ್ನು ಚೌಕಾಸಿಯ ಜಾಣತನಕ್ಕೋ ಮಾಲೀಕರ ಜೇಬಿನ ಗಾತ್ರಕ್ಕೋ ಕಟ್ಟಿಬಿಡುವುದು ಸುಲಭ. ದರವನ್ನು ಬಿಡಿಸಿ ನೋಡಿದರೆ ಬೇರೆಯೇ ಒಂದು ಕಾರಣ ಕಾಣಿಸುತ್ತದೆ: ಈ ಕೆಲಸಗಾರರ ಬಳಿ ಮಾರಾಟಕ್ಕಿರುವುದು ದಿನದ ಎರಡು ಕಿರಿದಾದ ಅವಧಿಗಳು ಮಾತ್ರ. ಆ ಅವಧಿಗಳನ್ನು ಹಿಗ್ಗಿಸುವುದು ಯಾರಿಂದಲೂ ಆಗದ ಕಾರಣ, ಕಡಿಮೆ ದರ ಹೇಳುವವರು ಒಂದೋ ನಡಿಗೆಯ ನಿಮಿಷಗಳನ್ನು ಕಡಿತಗೊಳಿಸಬೇಕು, ಇಲ್ಲವೇ ಹಲವು ನಾಯಿಗಳನ್ನು ಒಟ್ಟಿಗೆ ಹೊರಡಿಸಬೇಕು, ಇಲ್ಲವೇ ತಮ್ಮ ದುಡಿಮೆಯನ್ನೇ ಅಗ್ಗಕ್ಕೆ ಬಿಟ್ಟುಕೊಡಬೇಕು. ಹಾಗಾಗಿ ಕಡಿಮೆ ದರಕ್ಕೆ ಒಪ್ಪಿಕೊಂಡ ಮಾಲೀಕರು ಈ ಮೂರರಲ್ಲಿ ಯಾವುದಕ್ಕೆ ಒಪ್ಪಿಕೊಂಡಿದ್ದೇವೆ ಎಂಬುದನ್ನು ತಿಳಿದಿರಬೇಕಾಗುತ್ತದೆ.

ಬಿಸಿಲು ಗೆರೆ ಎಳೆದ ವೇಳಾಪಟ್ಟಿ

ನಾಯಿಯ ಮೈಯಲ್ಲಿ ಬೆವರಿನ ಗ್ರಂಥಿಗಳು ಕೆಲಸ ಮಾಡುವುದು ಮುಖ್ಯವಾಗಿ ಪಾದದ ಮೆತ್ತೆಗಳಲ್ಲಿ; ಮೈಯ ಶಾಖವನ್ನು ಅದು ಹೊರಹಾಕುವುದು ನಾಲಿಗೆ ಚಾಚಿ ಏದುವ ಮೂಲಕ. ಆದ್ದರಿಂದ ಮನುಷ್ಯ ಬೆವರೊರೆಸಿಕೊಂಡು ನಡೆದುಬಿಡುವ ಬಿಸಿಲಿನಲ್ಲೇ ನಾಯಿ ಕುಸಿದು ಬೀಳಬಹುದು. ಪಗ್, ಬುಲ್‌ಡಾಗ್‌ಗಳಂಥ ಚಪ್ಪಟೆ ಮೂತಿಯ ತಳಿಗಳಲ್ಲಿ ಉಸಿರಿನ ದಾರಿಯೇ ಇಕ್ಕಟ್ಟಾಗಿರುವುದರಿಂದ ಅಪಾಯ ಇನ್ನೂ ಹೆಚ್ಚು. ಬಿಸಿಲಿನಲ್ಲಿ ಡಾಂಬರು ರಸ್ತೆ ಗಾಳಿಗಿಂತ ಬಹಳ ಹೆಚ್ಚು ಕಾದಿರುತ್ತದೆ. ಅಂಗೈಯ ಹಿಂಭಾಗವನ್ನು ರಸ್ತೆಗೆ ಒತ್ತಿ ಏಳು ಎಣಿಸುವವರೆಗೆ ಇಟ್ಟುಕೊಳ್ಳಲಾಗದಿದ್ದರೆ ಆ ರಸ್ತೆ ನಾಯಿಯ ಪಾದಕ್ಕೆ ತಕ್ಕದ್ದಲ್ಲ ಎಂಬುದು ಪಶುವೈದ್ಯರು ಹೇಳಿಕೊಡುವ ಸರಳ ಪರೀಕ್ಷೆ. ತಂಪು ಹವೆಗೆ ಹೆಸರಾದ ಬೆಂಗಳೂರಿನಲ್ಲೂ 2016ರ ಏಪ್ರಿಲ್‌ನಲ್ಲಿ ತಾಪಮಾನ 39.2 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು.

ಹೀಗೆ ಬಿಸಿಲೇ ಗೆರೆ ಎಳೆದು, ನಡಿಗೆಗೆ ಒಗ್ಗುವ ಹೊತ್ತನ್ನು ಸುಮಾರಾಗಿ ಬೆಳಗ್ಗೆ 6ರಿಂದ 9, ಸಂಜೆ 5ರಿಂದ 9 ಎಂದು ಗೊತ್ತುಮಾಡಿದೆ. ಅಮೆರಿಕದ ನಗರಗಳಲ್ಲಿ ಸ್ಥಿತಿ ಇದಕ್ಕಿಂತ ಭಿನ್ನ. ಅಲ್ಲಿ ಬೆಳಗ್ಗೆ ಮತ್ತು ರಾತ್ರಿ ಮಾಲೀಕರೇ ನಾಯಿಯನ್ನು ಹೊರಗೊಯ್ದು, ತಾವು ಕಚೇರಿಯಲ್ಲಿರುವ ನಡುಹಗಲಿಗೆ ಮಾತ್ರ ಕೆಲಸಗಾರರನ್ನು ಗೊತ್ತುಮಾಡಿಕೊಳ್ಳುವುದು ಹೆಚ್ಚು ಬಳಕೆಯಲ್ಲಿರುವ ಕ್ರಮ. ಬೆಂಗಳೂರಿನ ಮಾಲೀಕರಿಗೆ ಕೊರತೆಯಾಗಿರುವುದು ಮಕ್ಕಳ ಶಾಲಾ ಬಸ್ಸು, ತಿಂಡಿ, ಔಟರ್ ರಿಂಗ್ ರೋಡಿನ ಟ್ರಾಫಿಕ್ಕು ಎಲ್ಲವೂ ಒಟ್ಟಿಗೆ ಬಂದೆರಗುವ ಬೆಳಗಿನ ಹೊತ್ತೇ ಆಗಿರುವುದರಿಂದ, ಎಲ್ಲ ಮನೆಗಳೂ ಕೆಲಸಗಾರರನ್ನು ಕೇಳುವುದು ಅದೇ ಮೂರು ಗಂಟೆಗಳ ಒಳಗೆ.

ಇದರ ಪರಿಣಾಮವನ್ನು ಒಂದು ಕಲ್ಪಿತ ಲೆಕ್ಕದಿಂದ ಅಳೆಯಬಹುದು. ಅರ್ಧ ಗಂಟೆಯ ನಡಿಗೆಗೆ ಗೇಟು ದಾಟುವುದು, ಲಿಫ್ಟಿಗೆ ಕಾಯುವುದು, ಬೆಲ್ಟು ಕಟ್ಟಿ ಬಿಚ್ಚುವುದು, ಮುಂದಿನ ಮನೆ ತಲುಪುವುದು ಇವಕ್ಕಾಗಿ 10 ನಿಮಿಷ ಸೇರಿಸಿದರೆ ನಾಯಿಯೊಂದಕ್ಕೆ 40 ನಿಮಿಷ ಬೇಕು. ಬೆಳಗಿನ 180 ನಿಮಿಷಗಳಲ್ಲಿ ಹೀಗೆ ನಾಲ್ಕು ನಾಯಿಗಳನ್ನು, ಸಂಜೆಯ 240 ನಿಮಿಷಗಳಲ್ಲಿ ಆರು ನಾಯಿಗಳನ್ನು ಒಂದೊಂದಾಗಿ ನಡೆಸಬಹುದು. ಎರಡು ಹೊತ್ತಿನ ನಾಲ್ಕು ನಾಯಿಗಳಿಗೆ ತಲಾ 6,000 ರೂಪಾಯಿ, ಸಂಜೆ ಮಾತ್ರ ಹೋಗುವ ಎರಡು ನಾಯಿಗಳಿಗೆ ತಲಾ 3,500 ರೂಪಾಯಿ ಎಂದಿಟ್ಟುಕೊಂಡರೆ ತಿಂಗಳ ಒಟ್ಟು ಗಳಿಕೆ 31,000 ರೂಪಾಯಿ. ವಾರಕ್ಕೊಂದು ರಜೆ ಕಳೆದು 26 ದಿನಗಳಿಗೆ ಹಂಚಿದರೆ ಇದು ಗಂಟೆಗೆ 180 ರೂಪಾಯಿಯ ಆಸುಪಾಸಿಗೆ ಬರುತ್ತದೆ. ಪೆಟ್ರೋಲು, ಫೋನು, ಸ್ಕೂಟರಿನ ರಿಪೇರಿಗಳನ್ನು ಇದರಲ್ಲೇ ತೂಗಿಸಬೇಕು. ಲೆಕ್ಕಕ್ಕೆ ಸಿಗುವ ದುಡಿಮೆ ಏಳು ಗಂಟೆಗಿಂತ ಕಡಿಮೆ. ಆದರೆ ದಿನವು ಬೆಳಗ್ಗೆ 6ಕ್ಕೆ ಆರಂಭವಾಗಿ ರಾತ್ರಿ 9ಕ್ಕೆ ಮುಗಿಯುವುದರಿಂದ, ನಡುವಿನ ಬಿಡುವಿಗೆ ಹೊಂದುವ ಬೇರೊಂದು ಕೆಲಸ ಸಿಗದಿದ್ದರೆ ಆ ಹಗಲು ವ್ಯರ್ಥವಾಗುತ್ತದೆ. ಅದೇ ಸ್ಕೂಟರಿನಲ್ಲಿ ಅದೇ ಸಂಜೆ ಊಟದ ಪೊಟ್ಟಣ ತಲುಪಿಸಿ ಗಳಿಸಬಹುದಾದ ಹಣಕ್ಕಿಂತ ಇಲ್ಲಿನ ಗಳಿಕೆ ಬಹಳ ಕೆಳಗಿಳಿದರೆ ಜನ ಈ ಕೆಲಸದಲ್ಲಿ ಉಳಿಯುವುದಿಲ್ಲ. ಹೀಗೆ ದರಕ್ಕೊಂದು ತಳಪಾಯವನ್ನು ಹಾಕುವುದು ನಾಯಿಗೆ ಸಂಬಂಧವೇ ಇಲ್ಲದ ಡೆಲಿವರಿ ಉದ್ಯೋಗ.

ಹೆಚ್ಚು ನಾಯಿ, ಕಡಿಮೆ ದರ

ನಿಗದಿತ ಹೊತ್ತಿನಲ್ಲಿ ಗಳಿಕೆ ಹೆಚ್ಚಿಸಿಕೊಳ್ಳುವ ಸುಲಭದ ದಾರಿ ನಾಯಿಗಳನ್ನು ಜೊತೆಯಾಗಿ ಹೊರಡಿಸುವುದು. ಮೇಲಿನ ಲೆಕ್ಕದಲ್ಲೇ ಒಂದೇ ಅಪಾರ್ಟ್‌ಮೆಂಟಿನ ಎರಡೆರಡು ನಾಯಿಗಳನ್ನು ಜೋಡಿಸಿದರೆ, ಎರಡು ಹೊತ್ತಿನ ನಾಯಿಗಳ ಸಂಖ್ಯೆ ನಾಲ್ಕರಿಂದ ಎಂಟಕ್ಕೇರುತ್ತದೆ; ಆಗ ದರವನ್ನು 6,000ದಿಂದ 4,500ಕ್ಕೆ ಇಳಿಸಿದರೂ ಆ ನಾಯಿಗಳಿಂದ ಬರುವ ಗಳಿಕೆ 24,000ದಿಂದ 36,000 ರೂಪಾಯಿಗೆ ಏರುತ್ತದೆ. ಮಾಲೀಕರಿಗೆ ಉಳಿತಾಯ, ಕೆಲಸಗಾರರಿಗೆ ಲಾಭ. ಒಂದನ್ನೊಂದು ಬಲ್ಲ, ಸೌಮ್ಯ ಸ್ವಭಾವದ ಎರಡು ನಾಯಿಗಳಾದರೆ ಅವುಗಳಿಗೂ ಸಂತೋಷ. ಸಂಖ್ಯೆ ಬೆಳೆಯುತ್ತ ಹೋದಂತೆ ಮಾತ್ರ ಈ ಲಾಭದ ಜಾಗವನ್ನು ಅಪಾಯ ಆಕ್ರಮಿಸುತ್ತದೆ. ಎರಡು ಕೈಗಳಲ್ಲಿ ಐದಾರು ಹಗ್ಗ ಹಿಡಿದವರು ಒಂದು ನಾಯಿ ಬಾಯಿಗೆ ಹಾಕಿಕೊಂಡ ಮೂಳೆಯನ್ನು ತೆಗೆಸಲು ಬಗ್ಗಿದರೆ ಉಳಿದವುಗಳ ಮೇಲಿನ ಹಿಡಿತ ತಪ್ಪುತ್ತದೆ.

2025ರಲ್ಲಿ ಸಾಮಾಜಿಕ ಜಾಲತಾಣಗಳಲ್ಲಿ ಹರಿದಾಡಿದ ಒಂದು ವಿಡಿಯೊ, ಮಹಾರಾಷ್ಟ್ರದ ವ್ಯಕ್ತಿಯೊಬ್ಬರು 38 ನಾಯಿಗಳನ್ನು ದಿನಕ್ಕೆರಡು ಬಾರಿ ನಡೆಸಿ ತಿಂಗಳಿಗೆ ನಾಲ್ಕೂವರೆ ಲಕ್ಷ ರೂಪಾಯಿ ಸಂಪಾದಿಸುತ್ತಾರೆಂದು ಹೇಳಿ, ಸಾಫ್ಟ್‌ವೇರ್ ಉದ್ಯೋಗಿಗಳನ್ನೂ ಹುಬ್ಬೇರಿಸುವಂತೆ ಮಾಡಿತು. ನಾಯಿಗೆ 12,000 ರೂಪಾಯಿಯಂತೆ ಗುಣಿಸಿದರೆ ಮೊತ್ತವೇನೋ ಸರಿಹೊಂದುತ್ತದೆ. ಆದರೆ ಒಂದೊಂದು ನಾಯಿಯನ್ನು ಎರಡು ಹೊತ್ತು ಅರ್ಧರ್ಧ ಗಂಟೆ ಬೇರೆ ಬೇರೆಯಾಗಿ ನಡೆಸಬೇಕಾದರೆ 38 ನಾಯಿಗಳಿಗೆ ದಿನಕ್ಕೆ 38 ಗಂಟೆ ಬೇಕಾಗುತ್ತದೆ; ಬೆಳಗಿನ ಮೂರು ಗಂಟೆಗಳನ್ನು 38 ಪಾಲು ಮಾಡಿದರೆ ನಾಯಿಯೊಂದಕ್ಕೆ ಐದು ನಿಮಿಷವೂ ಸಿಗುವುದಿಲ್ಲ. ಆ ಮೊತ್ತ ನಿಜವಾಗಲು ಉಳಿದಿರುವ ದಾರಿ ಎರಡೇ: ದೊಡ್ಡ ಗುಂಪುಗಳು, ಅಥವಾ ಸಂಬಳಕ್ಕೆ ಇಟ್ಟುಕೊಂಡ ಸಹಾಯಕರು. ಎರಡನೆಯದಾದರೆ ಅದು ಒಬ್ಬ ವ್ಯಕ್ತಿಯ ದುಡಿಮೆಯಾಗಿ ಉಳಿಯದೆ ಸಣ್ಣದೊಂದು ಉದ್ಯಮವಾಗುತ್ತದೆ.

ಗುಂಪಿನ ಗಾತ್ರಕ್ಕೆ ಮಿತಿ ಹಾಕುವ ಅಗತ್ಯವನ್ನು ಹೊರದೇಶಗಳ ಕೆಲವು ನಗರಾಡಳಿತಗಳು ಮನಗಂಡಿವೆ. ಸಾನ್ ಫ್ರಾನ್ಸಿಸ್ಕೊ ನಗರದಲ್ಲಿ ಹಣಕ್ಕಾಗಿ ನಾಲ್ಕು ಅಥವಾ ಹೆಚ್ಚು ನಾಯಿಗಳನ್ನು ಒಟ್ಟಿಗೆ ಸಾರ್ವಜನಿಕ ಸ್ಥಳದಲ್ಲಿ ನಡೆಸುವವರು 2013ರಿಂದ ಪರವಾನಗಿ ಪಡೆಯಬೇಕು. ಪರವಾನಗಿ ಇದ್ದರೂ ಎಂಟನ್ನು ಮೀರುವಂತಿಲ್ಲ. ಕಚೇರಿ ಹೊತ್ತಿನಲ್ಲಿ ನಾಯಿಹಿಂಡುಗಳನ್ನು ಹಿಡಿದು ಸಾಗುವ ಕೆಲಸಗಾರರಿಗೆ ಹೆಸರಾದ ಬ್ಯೂನಸ್ ಐರಿಸ್ ನಗರದ ಮಿತಿಯೂ ಎಂಟೇ. ಭಾರತದ ನಗರಗಳಲ್ಲಿ ಈ ವೃತ್ತಿ ಇನ್ನೂ ಮನೆ ಮತ್ತು ಕೆಲಸಗಾರರ ನಡುವಿನ ಬಾಯಿಮಾತಿನ ಮೇಲೆಯೇ ನಡೆಯುತ್ತಿರುವುದರಿಂದ, ಮಿತಿಯನ್ನು ಗೊತ್ತುಪಡಿಸುವ ಹೊಣೆ ಸದ್ಯಕ್ಕೆ ಮಾಲೀಕರ ಮೇಲೆಯೇ ಬೀಳುತ್ತದೆ.

ಗೇಟಿನ ಹೊರಗಿನ ಮೂವತ್ತು ನಿಮಿಷ

ಕೆಲಸವನ್ನು ಹತ್ತಿರದಿಂದ ಗಮನಿಸಿದರೆ ನಡೆಯುವುದು ಅದರ ಅತ್ಯಂತ ಸುಲಭದ ಭಾಗವೆಂದು ತಿಳಿಯುತ್ತದೆ. ಕೆಲಸಗಾರರ ಹೆಸರು ಗೇಟಿನ ಆ್ಯಪ್‌ನಲ್ಲಿ ದಾಖಲಾಗಿ, ಸೆಕ್ಯುರಿಟಿಯವರು ಒಳಬಿಟ್ಟ ಮೇಲೆ, ಬಾಗಿಲು ತೆರೆದೊಡನೆ ಎಗರಾಡುವ ನಾಯಿಯನ್ನು ಮೊದಲು ಸುಮ್ಮನೆ ನಿಲ್ಲಿಸಬೇಕು. ಕುತ್ತಿಗೆಯ ಬೆಲ್ಟಿನೊಳಗೆ ಎರಡು ಬೆರಳು ತೂರುವಷ್ಟು ಮಾತ್ರ ಸಡಿಲವಿದೆಯೇ ಎಂದು ನೋಡಬೇಕು. ಅದಕ್ಕಿಂತ ಬಿಗಿಯಾದರೆ ಉಸಿರು ಕಟ್ಟುತ್ತದೆ, ಸಡಿಲವಾದರೆ ಬೆದರಿದ ನಾಯಿ ಹಿಂದಕ್ಕೆ ಜಗ್ಗಿ ತಲೆ ಬಿಡಿಸಿಕೊಂಡು ಓಡುತ್ತದೆ. ಎದೆ ಮತ್ತು ಬೆನ್ನನ್ನು ಬಳಸಿ ಕಟ್ಟುವ ಹಾರ್ನೆಸ್ ಆದರೆ ಎಳೆತದ ಭಾರ ಕುತ್ತಿಗೆಗೆ ಬೀಳುವುದಿಲ್ಲವಾದ್ದರಿಂದ ಎಳೆದಾಡುವ ನಾಯಿಗಳಿಗೆ ಅದೇ ಮೇಲು. ಲಿಫ್ಟಿನೊಳಗೆ ನಾಯಿಯನ್ನು ಮೂಲೆಗೆ ನಿಲ್ಲಿಸಿ, ಬಾಗಿಲಿಗೂ ನಾಯಿಗೂ ನಡುವೆ ತಾವು ನಿಲ್ಲುವುದು ಅನುಭವಿಗಳ ಕ್ರಮ. ಬಾಗಿಲು ತೆರೆದಾಗ ಎದುರಿಗೆ ಮಗುವೋ ಇನ್ನೊಂದು ನಾಯಿಯೋ ನಿಂತಿರಬಹುದು.

ಗೇಟು ದಾಟಿದ ಕೂಡಲೇ ಬೀದಿನಾಯಿಗಳ ಸೀಮೆ ಆರಂಭವಾಗುತ್ತದೆ. ಆಗಿನ ನಗರಪಾಲಿಕೆಯಾದ ಬಿಬಿಎಂಪಿ 2023ರಲ್ಲಿ ನಡೆಸಿದ ಸಮೀಕ್ಷೆಯ ಅಂದಾಜಿನಂತೆ ಬೆಂಗಳೂರಿನಲ್ಲಿ ಸುಮಾರು 2.79 ಲಕ್ಷ ಬೀದಿನಾಯಿಗಳಿದ್ದವು. ಪ್ರತಿ ಗುಂಪಿಗೂ ತನ್ನದೇ ಎಂಬ ಬೀದಿಯೊಂದಿದ್ದು, ಶಾಂಪೂ ವಾಸನೆಯ ಹೊಸ ನಾಯಿ ಆ ಗಡಿಯೊಳಗೆ ಕಾಲಿಟ್ಟರೆ ನಾಲ್ಕೈದು ನಾಯಿಗಳು ಒಟ್ಟಾಗಿ ಬೊಗಳುತ್ತ ಬರುತ್ತವೆ. ಪಳಗಿದ ಕೆಲಸಗಾರರು ಯಾವ ತಿರುವಿನಲ್ಲಿ ಯಾವ ಗುಂಪಿದೆ, ಯಾವ ಹೆಣ್ಣುನಾಯಿ ಮರಿ ಹಾಕಿದೆ, ಯಾವ ಮಾಂಸದ ಅಂಗಡಿಯ ಮುಂದೆ ಕೋಳಿ ಮೂಳೆ ಬಿದ್ದಿರುತ್ತದೆ ಎಂಬುದನ್ನೆಲ್ಲ ಮನಸ್ಸಿನಲ್ಲಿಟ್ಟುಕೊಂಡೇ ದಾರಿ ಆರಿಸುತ್ತಾರೆ. ನಾಯಿಗಳು ಎದುರಾದಾಗ ಓಡದೆ, ಕಲ್ಲೆತ್ತದೆ, ಹಗ್ಗವನ್ನು ಗಿಡ್ಡ ಮಾಡಿಕೊಂಡು, ನಿಧಾನವಾಗಿ ಅಡ್ಡಬೀದಿಗೆ ಹೊರಳುತ್ತಾರೆ. ವಾಪಸಾದ ಮೇಲೆ ಪಾದಗಳನ್ನು ಒರೆಸಿ, ಕಿವಿಯ ಒಳಮಗ್ಗುಲು ಮತ್ತು ಬೆರಳ ಸಂದುಗಳಲ್ಲಿ ಉಣುಗು ಹತ್ತಿದೆಯೇ ಎಂದು ನೋಡುವವರ ದರ ಐನೂರು ರೂಪಾಯಿ ಹೆಚ್ಚಿದ್ದರೂ ಅದು ದುಬಾರಿಯಲ್ಲ. ಉಣುಗಿನಿಂದ ಹರಡುವ ಟಿಕ್ ಫೀವರ್, ಅಂದರೆ ರಕ್ತಕಣಗಳನ್ನು ಹಾಳುಗೆಡಹುವ ಜ್ವರ, ಒಮ್ಮೆ ಬಂದರೆ ರಕ್ತಪರೀಕ್ಷೆ, ಔಷಧಿ, ಡ್ರಿಪ್ಪುಗಳ ಖರ್ಚು ಹಲವು ತಿಂಗಳ ಆ ವ್ಯತ್ಯಾಸವನ್ನು ಒಮ್ಮೆಗೇ ನುಂಗಿಬಿಡುತ್ತದೆ.

ತಳಿಗೆ ತಕ್ಕ ಹೊತ್ತು, ಹೊತ್ತಿಗೆ ತಕ್ಕ ದರ

ಅರ್ಧ ಗಂಟೆ ಎಂಬ ಅಳತೆ ಹುಟ್ಟಿದ್ದು ಕೆಲಸಗಾರರ ವೇಳಾಪಟ್ಟಿಯ ಅನುಕೂಲದಿಂದ. ನಾಯಿಯ ಅಗತ್ಯ ತಳಿಯಿಂದ ತಳಿಗೆ ಬೇರೆ. ತಳಿಗಳ ವಿವರಗಳನ್ನು ಪ್ರಕಟಿಸುವ ಬ್ರಿಟನ್ನಿನ ಕೆನಲ್ ಕ್ಲಬ್ ಸಂಸ್ಥೆಯ ಸಲಹೆಯಂತೆ ಚಿವಾವಾಗೆ ದಿನಕ್ಕೆ ಅರ್ಧ ಗಂಟೆಯವರೆಗಿನ, ಪಗ್‌ಗೆ ಒಂದು ಗಂಟೆಯವರೆಗಿನ ವ್ಯಾಯಾಮ ಸಾಕು. ಬೀಗಲ್‌ಗೆ ಒಂದು ಗಂಟೆಗೂ, ಲ್ಯಾಬ್ರಡಾರ್‌ಗೆ ಎರಡು ಗಂಟೆಗೂ ಹೆಚ್ಚು ಬೇಕು. ಬೆಂಗಳೂರಿನ ಫ್ಲ್ಯಾಟುಗಳಲ್ಲಿ ಬಹು ಜನಪ್ರಿಯವಾದ ಲ್ಯಾಬ್ರಡಾರ್‌ಗೆ ಎರಡು ಹೊತ್ತು ಅರ್ಧರ್ಧ ಗಂಟೆಯ ಸೇವೆ ಕೊಂಡುಕೊಂಡರೆ ಅದರ ಅಗತ್ಯದ ಅರ್ಧದಷ್ಟೂ ಈಡೇರುವುದಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯದ ಸಂಶೋಧಕರು 2016ರಲ್ಲಿ ತೋರಿಸಿದಂತೆ, ಈ ತಳಿಯ ಸುಮಾರು ಕಾಲುಭಾಗ ನಾಯಿಗಳಲ್ಲಿ ಹಸಿವಿನ ನಿಯಂತ್ರಣಕ್ಕೆ ಸಂಬಂಧಿಸಿದ ಪಿಓಎಂಸಿ ಎಂಬ ಜೀನಿನ ಒಂದು ತುಣುಕು ಇಲ್ಲದಿರುವುದರಿಂದ ಅವು ತಿಂದಷ್ಟೂ ಹಸಿದಿರುತ್ತವೆ ಮತ್ತು ಬೇಗ ಬೊಜ್ಜು ಬೆಳೆಸಿಕೊಳ್ಳುತ್ತವೆ. ಇಂಥ ನಾಯಿಯ ಮಾಲೀಕರು ಉಳಿದ ಹೊತ್ತನ್ನು ತಾವೇ ಕೊಡದಿದ್ದರೆ ಅದರ ಬೆಲೆಯನ್ನು ಮುಂದೆ ಕೀಲುನೋವಿನ ಔಷಧಿಗೆ ತೆರಬೇಕಾಗುತ್ತದೆ.

ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿಯದು ಇನ್ನೊಂದು ಬಗೆ. ಕಣ್ಣಿಗೆ ಬಿದ್ದ ಬೇಟೆಯನ್ನು ಓಡಿ ಹಿಡಿಯಲೆಂದೇ ತಲೆಮಾರುಗಳಿಂದ ಸಾಕಿಬಂದ, ಭಾರತೀಯ ಸೇನೆಯೂ ತರಬೇತಿಗೆ ಆರಿಸಿಕೊಂಡ ಈ ಹಗುರ ಮೈಯ ನಾಯಿಗೆ ಫುಟ್‌ಪಾತಿನ ನಿಧಾನ ನಡಿಗೆಗಿಂತ ಬೇಲಿಯಿರುವ ಬಯಲಿನಲ್ಲಿ ಹತ್ತು ನಿಮಿಷದ ಓಟ ಹೆಚ್ಚು ಒಗ್ಗುತ್ತದೆ. ಅಳಿಲೋ ಬೆಕ್ಕೋ ಕಂಡ ಮರುಗಳಿಗೆ ಅದು ಜಿಗಿಯುವುದರಿಂದ ಹಗ್ಗವನ್ನು ಮಣಿಕಟ್ಟಿಗೆ ಸುತ್ತಿಕೊಂಡು ಮೊಬೈಲು ನೋಡುತ್ತ ನಡೆಯುವವರ ಕೈಗೆ ಅದನ್ನು ಕೊಡುವಂತಿಲ್ಲ.

ದೊಡ್ಡ, ಬಲಿಷ್ಠ ತಳಿಗಳಿಗೆ ಹೆಚ್ಚು ದರ ಕೇಳುವುದರ ಹಿಂದೆ ತೋಳ್ಬಲದ ಜೊತೆಗೆ ಕಾನೂನಿನ ಅಂಜಿಕೆಯೂ ಇದೆ. ಕೇಂದ್ರ ಸರ್ಕಾರ 2024ರ ಮಾರ್ಚ್‌ನಲ್ಲಿ ರಾಟ್‌ವೀಲರ್, ಪಿಟ್‌ಬುಲ್ ಸೇರಿ 23 ತಳಿಗಳ ಸಾಕಣೆ ಮತ್ತು ಮಾರಾಟವನ್ನು ನಿಷೇಧಿಸುವಂತೆ ರಾಜ್ಯಗಳಿಗೆ ಸುತ್ತೋಲೆ ಕಳಿಸಿತು. ಸಂಬಂಧಪಟ್ಟವರ ಅಭಿಪ್ರಾಯ ಕೇಳದೆ ಹೊರಡಿಸಿದ್ದೆಂಬ ಕಾರಣಕ್ಕೆ ಕರ್ನಾಟಕ ಹೈಕೋರ್ಟ್ ಏಪ್ರಿಲ್‌ನಲ್ಲಿ ಅದನ್ನು ರದ್ದುಗೊಳಿಸಿತಾದರೂ, ಆ ಹೆಸರುಗಳ ಸುತ್ತ ಹರಡಿದ ಭಯ ನ್ಯಾಯಾಲಯದ ಆದೇಶದಿಂದ ಕರಗಲಿಲ್ಲ. ರಾಟ್‌ವೀಲರ್ ಹಿಡಿದು ಅಪಾರ್ಟ್‌ಮೆಂಟಿನ ಅಂಗಳಕ್ಕಿಳಿಯುವವರು ನೆರೆಹೊರೆಯವರ ಸಿಟ್ಟನ್ನೂ ಹೊತ್ತುಕೊಳ್ಳಬೇಕಾಗಿರುವುದರಿಂದ ಅದನ್ನೂ ದರಕ್ಕೆ ಸೇರಿಸುತ್ತಾರೆ.

ಯಂತ್ರಕ್ಕೆ ಸಿಗದ ಕೆಲಸ

ನಾಯಿ ನಡೆಸುವುದನ್ನು ಒಂದು ವೃತ್ತಿಯಾಗಿ ರೂಪಿಸಿದ ಮೊದಲಿಗರೆಂದು ಸಾಮಾನ್ಯವಾಗಿ ಹೇಳಲಾಗುವುದು ನ್ಯೂಯಾರ್ಕಿನ ಜಿಮ್ ಬಕ್ ಅವರ ಹೆಸರು. 1960ರ ದಶಕದ ಆರಂಭದಲ್ಲಿ ಶ್ರೀಮಂತ ಮನೆಗಳ ನಾಯಿಗಳನ್ನು ನಡೆಸತೊಡಗಿ, ಸಹಾಯಕರ ಪಡೆಯನ್ನೇ ಕಟ್ಟಿ, ದಶಕಗಳ ಕಾಲ ಆ ಉದ್ಯಮ ನಡೆಸಿದ ಅವರು 2013ರಲ್ಲಿ ತೀರಿಕೊಂಡರು. ಅವರ ನಂತರದ ತಲೆಮಾರು ಇದೇ ಕೆಲಸವನ್ನು ಮೊಬೈಲಿಗೆ ತಂದಿತು. 2011ರಲ್ಲಿ ಸಿಯಾಟಲ್‌ನಲ್ಲಿ ಆರಂಭವಾದ ರೋವರ್ ಎಂಬ ಆ್ಯಪ್, ಕೆಲಸಗಾರರ ಗಳಿಕೆಯಲ್ಲಿ ಸುಮಾರು ಐದನೇ ಒಂದು ಭಾಗವನ್ನು ತನ್ನ ಶುಲ್ಕವಾಗಿ ಹಿಡಿದುಕೊಳ್ಳುವ ಮಧ್ಯವರ್ತಿಯಾಗಿ ಬೆಳೆದು, 2023ರಲ್ಲಿ ಬ್ಲ್ಯಾಕ್‌ಸ್ಟೋನ್ ಸಂಸ್ಥೆಗೆ ಸುಮಾರು 230 ಕೋಟಿ ಡಾಲರಿಗೆ ಮಾರಾಟವಾಗುವ ಒಪ್ಪಂದ ಮಾಡಿಕೊಂಡಿತು. 2018ರಲ್ಲಿ ಸಾಫ್ಟ್‌ಬ್ಯಾಂಕಿನಿಂದ 30 ಕೋಟಿ ಡಾಲರ್ ಬಂಡವಾಳ ಪಡೆದ, ಅದೇ ಬಗೆಯ ಇನ್ನೊಂದು ಆ್ಯಪ್ ವ್ಯಾಗ್ ಮಾತ್ರ ಆ ಹಣಕ್ಕೆ ತಕ್ಕಂತೆ ಬೆಳೆಯಲಾರದೆ, 2025ರ ಜುಲೈನಲ್ಲಿ ದಿವಾಳಿ ಕಾಯ್ದೆಯ ರಕ್ಷಣೆ ಕೋರಿತು.

ವ್ಯಾಗ್‌ನ ಸೋಲಿಗೆ ಕಾರಣಗಳು ಹಲವಿದ್ದಿರಬಹುದು; ಆದರೆ ಈ ವ್ಯವಹಾರಕ್ಕೆ ಸಹಜವಾದ ತೊಡಕೊಂದನ್ನು ಅರ್ಥಶಾಸ್ತ್ರ ಬಹಳ ಹಿಂದೆಯೇ ವಿವರಿಸಿದೆ. ವಿಲಿಯಂ ಬಾಮೊಲ್ ಮತ್ತು ವಿಲಿಯಂ ಬೋವೆನ್ 1966ರಲ್ಲಿ ಸಂಗೀತ, ನಾಟಕ ಮುಂತಾದ ಪ್ರದರ್ಶನ ಕಲೆಗಳ ಆರ್ಥಿಕತೆಯನ್ನು ಅಧ್ಯಯನ ಮಾಡುತ್ತ, ಕಾರ್ಖಾನೆಯ ಕೆಲಸಗಾರನ ಉತ್ಪಾದನೆ ಯಂತ್ರದಿಂದ ವರ್ಷವರ್ಷಕ್ಕೆ ಏರುತ್ತದೆ, ನಾಲ್ವರು ವಾದ್ಯಗಾರರು ನುಡಿಸುವ ಒಂದು ರಚನೆಗೆ ಮಾತ್ರ ಇನ್ನೂರು ವರ್ಷಗಳ ಹಿಂದೆ ಬೇಕಿದ್ದಷ್ಟೇ ಜನ ಮತ್ತು ಹೊತ್ತು ಇಂದೂ ಬೇಕು ಎಂಬುದನ್ನು ಗುರುತಿಸಿದರು. ಉತ್ಪಾದಕತೆ ಏರದಿದ್ದರೂ, ಬೇರೆ ಕಡೆ ಏರಿದ ಕೂಲಿಯನ್ನು ಇಲ್ಲಿಯೂ ಕೊಡಲೇಬೇಕಾಗುವುದರಿಂದ ಇಂಥ ಸೇವೆಗಳು ಕಾಲಕ್ರಮದಲ್ಲಿ ದುಬಾರಿಯಾಗುತ್ತ ಹೋಗುತ್ತವೆ. ಇದನ್ನೇ ಬಾಮೊಲ್‌ನ ವೆಚ್ಚರೋಗ ಎನ್ನುತ್ತಾರೆ. ಅರ್ಧ ಗಂಟೆಯ ನಾಯಿ ನಡಿಗೆಗೆ ಜಿಮ್ ಬಕ್‌ನ ಕಾಲದಲ್ಲೂ ಅರ್ಧ ಗಂಟೆಯೇ ಬೇಕಿತ್ತು. ಆ್ಯಪ್ ಕೆಲಸಗಾರರನ್ನು ಹುಡುಕುವ ಶ್ರಮವನ್ನು ಉಳಿಸುತ್ತದೆ, ನಕ್ಷೆಯಲ್ಲಿ ನಡಿಗೆಯ ಹಾದಿಯನ್ನು ತೋರಿಸುತ್ತದೆ, ಆದರೆ ಕಾಲುಗಳ ಕೆಲಸವನ್ನು ಒಂದು ನಿಮಿಷದಷ್ಟೂ ಕಡಿಮೆ ಮಾಡುವುದಿಲ್ಲ. ಬೆಂಗಳೂರಿನ ಕೂಲಿ ಮತ್ತು ಬಾಡಿಗೆಗಳು ಏರುತ್ತಿರುವವರೆಗೆ ಈ ದರವೂ ಏರುತ್ತಲೇ ಇರುತ್ತದೆಂದು ಲೆಕ್ಕ ಹಾಕಿಕೊಳ್ಳುವುದು ಮಾಲೀಕರಿಗೆ ಕ್ಷೇಮ.

ಹತ್ತು ರೂಪಾಯಿಯ ದಂಡ

ನಾಯಿಯನ್ನು ನಡೆಸದಿರುವುದಕ್ಕೂ ಕಾನೂನಿನಲ್ಲಿ ಒಂದು ಬೆಲೆಯಿದೆ. ಭರತನಾಟ್ಯ ಕಲಾವಿದೆ ರುಕ್ಮಿಣಿ ದೇವಿ ಅರುಂಡೇಲ್ ರಾಜ್ಯಸಭೆಯಲ್ಲಿ ಮಂಡಿಸಿದ ಖಾಸಗಿ ಮಸೂದೆಯ ಬೆನ್ನಿಗೆ ರೂಪುಗೊಂಡ 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ 11ನೇ ಕಲಂ, ಸದಾ ಕಟ್ಟಿಹಾಕಿದ ಅಥವಾ ಇಕ್ಕಟ್ಟಿನಲ್ಲಿ ಕೂಡಿಟ್ಟ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದನ್ನು, ಅಥವಾ ಬೇರೆಯವರಿಂದ ಕೊಡಿಸದಿರುವುದನ್ನು ಮಾಲೀಕರ ಅಪರಾಧವೆಂದು ಪರಿಗಣಿಸುತ್ತದೆ. ಮೊದಲ ಸಲದ ತಪ್ಪಿಗೆ ದಂಡ 10ರಿಂದ 50 ರೂಪಾಯಿ. ಇಟಲಿಯ ಟ್ಯೂರಿನ್ ನಗರ 2005ರಲ್ಲಿ ನಾಯಿಯನ್ನು ದಿನಕ್ಕೆ ಮೂರು ಬಾರಿ ಹೊರಗೊಯ್ಯದವರಿಗೆ 500 ಯೂರೊವರೆಗೆ ದಂಡ ವಿಧಿಸುವ ನಿಯಮ ತಂದಿತು. ಬೆಂಗಳೂರಿನಲ್ಲಿ ಒಂದು ಹೊತ್ತಿನ ನಡಿಗೆಗೆ ಕೊಡುವ ಹಣ ನಮ್ಮ ಕಾಯ್ದೆ ಮೊದಲ ತಪ್ಪಿಗೆ ವಿಧಿಸುವ ಗರಿಷ್ಠ ದಂಡಕ್ಕಿಂತ ಸಾಮಾನ್ಯವಾಗಿ ಹೆಚ್ಚಿರುವುದರಿಂದ, ದಂಡದ ಭಯದಿಂದ ಯಾರೂ ನಾಯಿಯನ್ನು ಬಾಲ್ಕನಿಯಿಂದ ಬಿಚ್ಚುವುದಿಲ್ಲ.

ನಾಯಿ ಯಾರನ್ನಾದರೂ ಕಚ್ಚಿದರೆ ಬರುವ ಹೊಣೆ ಮಾತ್ರ ಹಗುರವಲ್ಲ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 291ನೇ ಕಲಮಿನಂತೆ, ತಮ್ಮ ಸ್ವಾಧೀನದಲ್ಲಿರುವ ಪ್ರಾಣಿಯಿಂದ ಮನುಷ್ಯರಿಗೆ ಅಪಾಯವಾಗದಂತೆ ಎಚ್ಚರ ವಹಿಸದವರಿಗೆ ಆರು ತಿಂಗಳವರೆಗೆ ಸೆರೆವಾಸ, 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ ಆಗಬಹುದು. ನಡಿಗೆಯ ಹೊತ್ತಿನಲ್ಲಿ ನಾಯಿ ಇರುವುದು ಕೆಲಸಗಾರರ ಕೈಯಲ್ಲಿ. ನಾಯಿ ಹಿಂದೆ ಯಾರನ್ನಾದರೂ ಕಚ್ಚಿದ್ದರೆ, ಪಟಾಕಿಗೆ ಬೆದರುವುದಾದರೆ, ಸೈಕಲ್ಲುಗಳ ಮೇಲೆ ಎರಗುವುದಾದರೆ ಅದನ್ನು ಮುಚ್ಚಿಟ್ಟು ಹಗ್ಗ ಕೈಗೆ ಕೊಡುವುದು ಅವರನ್ನು ಅರಿಯದ ಅಪಾಯಕ್ಕೆ ನೂಕಿದಂತೆ. ರೇಬಿಸ್ ಲಸಿಕೆಯ ಕಾರ್ಡಿನ ಪ್ರತಿಯನ್ನು ಮೊದಲ ದಿನವೇ ಅವರಿಗೆ ಕೊಡುವುದು ಕನಿಷ್ಠ ಕರ್ತವ್ಯ.

ಈ ಹೊಣೆಗೆ ಎದುರಾಗಿ ಕೆಲಸಗಾರರಿಗೆ ಸಿಗುವ ರಕ್ಷಣೆ ತೀರ ತೆಳುವಾದುದು. ಭವಿಷ್ಯ ನಿಧಿಯ ನಿಯಮಗಳು ಸಾಮಾನ್ಯವಾಗಿ 20, ಇಎಸ್‌ಐ ನಿಯಮಗಳು 10 ಜನ ಉದ್ಯೋಗಿಗಳಿರುವ ಸಂಸ್ಥೆಗಳಿಂದ ಅನ್ವಯಿಸಲಾರಂಭಿಸುವುದರಿಂದ, ಆರು ಮನೆಗಳಲ್ಲಿ ಅರ್ಧರ್ಧ ಗಂಟೆ ದುಡಿಯುವವರನ್ನು ಅವು ಮುಟ್ಟುವುದಿಲ್ಲ. ಆ್ಯಪ್‌ಗಳ ಮೂಲಕ ದುಡಿಯುವ ಗಿಗ್ ಕಾರ್ಮಿಕರಿಗಾಗಿ ಕರ್ನಾಟಕ 2025ರಲ್ಲಿ ತಂದ ಕಾಯ್ದೆ, ಪ್ರತಿ ವಹಿವಾಟಿನಲ್ಲಿ ಶೇಕಡಾ 1ರಿಂದ 5ರಷ್ಟು ಕಲ್ಯಾಣ ಶುಲ್ಕವನ್ನು ಕಂಪನಿಗಳಿಂದ ಸಂಗ್ರಹಿಸಲು ಅವಕಾಶ ಕೊಡುತ್ತದೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಂಬರು ಸಿಕ್ಕಿ ನೇರವಾಗಿ ಮನೆಗೆ ಬರುವವರು ಅದರ ಹೊರಗೇ ಉಳಿಯುತ್ತಾರೆ. ಕೈ ಉಳುಕಿ ಹದಿನೈದು ದಿನ ಮಲಗಿದರೆ ಅವರಿಗೆ ಸಂಬಳವಿಲ್ಲ, ಅಷ್ಟರಲ್ಲಿ ಬೇರೆಯವರು ಆ ಮನೆ ಹಿಡಿದಿರುತ್ತಾರೆ.

ನಿಮಿಷದ ಲೆಕ್ಕ

ಆದ್ದರಿಂದ ತಿಂಗಳ ಮೊತ್ತವನ್ನು ಹೋಲಿಸುವುದಕ್ಕಿಂತ ನಿಮಿಷದ ಬೆಲೆಯನ್ನು ಹೋಲಿಸುವುದು ಸರಿಯಾದ ಕ್ರಮ. ತಿಂಗಳಿಗೆ 52 ನಡಿಗೆಗಳಿಗೆ 6,000 ರೂಪಾಯಿ ಕೇಳಿ ಪೂರ್ತಿ 30 ನಿಮಿಷ ನಡೆಸುವವರ ದರ ನಿಮಿಷಕ್ಕೆ ನಾಲ್ಕು ರೂಪಾಯಿಗಿಂತ ತುಸು ಕಡಿಮೆ. 4,000ಕ್ಕೆ ಒಪ್ಪಿಕೊಂಡು 15 ನಿಮಿಷಕ್ಕೆ ಮರಳುವವರ ದರ ನಿಮಿಷಕ್ಕೆ ಐದು ರೂಪಾಯಿಗೂ ಹೆಚ್ಚು. ಎರಡನೆಯವರು ಅಗ್ಗವೆಂದು ಕಾಣುವುದು ಮಾಲೀಕರು ಗಡಿಯಾರ ನೋಡದಿರುವವರೆಗೆ ಮಾತ್ರ. ನಿಮಿಷಗಳ ಜೊತೆಗೆ ಒಟ್ಟಿಗೆ ಎಷ್ಟು ನಾಯಿಗಳು ಹೊರಡುತ್ತವೆ, ಅವು ಯಾವುವು, ವಾರದ ರಜೆಗೆ ಬದಲಿ ಯಾರು, ಮಳೆ ಬಂದ ದಿನ ಏನು ವ್ಯವಸ್ಥೆ, ಕಚ್ಚಿದರೆ ಅಥವಾ ಗಾಯವಾದರೆ ಚಿಕಿತ್ಸೆಯ ಖರ್ಚು ಯಾರದು, ಮನೆಯವರು ಊರಿಗೆ ಹೋದ ದಿನಗಳಿಗೂ ಸಂಬಳವುಂಟೇ ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಂಡರೆ ಮುಂದಿನ ಜಗಳಗಳ ದೊಡ್ಡ ಪಾಲು ಅಲ್ಲಿಗೇ ಮುಗಿಯುತ್ತದೆ. ಊರಿಗೆ ಹೋದ ದಿನಗಳ ಸಂಬಳ ಹಿಡಿಯುವ ಅಭ್ಯಾಸ ವ್ಯಾಪಕವಾಗಿದ್ದರೂ ನ್ಯಾಯವಾದುದಲ್ಲ. ಖಾಲಿ ಉಳಿದ ಆ ಬೆಳಗಿನ ಹೊತ್ತನ್ನು ಕೆಲಸಗಾರರು ಒಂದು ವಾರದ ಮಟ್ಟಿಗೆ ಇನ್ನೊಬ್ಬರಿಗೆ ಮಾರಲಾರರು. ಮೊದಲ ವಾರ ಮನೆಯವರೊಬ್ಬರು ಜೊತೆಗೆ ನಡೆಯುವುದು, ನಾಯಿ ಕೆಲಸಗಾರರನ್ನು ಕಂಡಾಗ ಬಾಗಿಲಿಗೆ ಓಡುತ್ತದೆಯೋ ಸೋಫಾದ ಕೆಳಗೆ ಸೇರಿಕೊಳ್ಳುತ್ತದೆಯೋ ಎಂದು ಗಮನಿಸುವುದು, ಯಾವ ಆ್ಯಪ್‌ನ ನಕ್ಷೆಗಿಂತಲೂ ಹೆಚ್ಚಿನದನ್ನು ತಿಳಿಸುತ್ತದೆ.

ದರವನ್ನು ಪ್ರಾಮಾಣಿಕವಾಗಿ ತಗ್ಗಿಸುವ ದಾರಿಯೊಂದು ಉಳಿದಿದೆಯಾದರೆ ಅದಿರುವುದು ನಗರದ ಜಾಗದಲ್ಲಿ. ಬೇಲಿಯೊಳಗೆ ನಾಯಿಗಳನ್ನು ಬಿಟ್ಟು ಆಡಿಸಬಹುದಾದ ಮೂಲೆಯೊಂದು ಬಡಾವಣೆಯ ಉದ್ಯಾನದಲ್ಲಿ ಬೆಳಗ್ಗೆ ಒಂದೆರಡು ಗಂಟೆ ದೊರೆತರೆ, ಒಬ್ಬರು ಮೂರು ನಾಲ್ಕು ಪರಿಚಿತ ನಾಯಿಗಳನ್ನು ಟ್ರಾಫಿಕ್ಕಿನ ಭಯವಿಲ್ಲದೆ ನೋಡಿಕೊಳ್ಳಬಹುದು, ಕಡಿಮೆ ಹೊತ್ತಿನಲ್ಲಿ ಹೆಚ್ಚು ವ್ಯಾಯಾಮ ಸಿಗುತ್ತದೆ, ಸಂಬಳ ಇಳಿಸದೆಯೇ ಪ್ರತಿ ಮನೆಯ ಖರ್ಚು ಇಳಿಯುತ್ತದೆ. ಇಂಥ ಜಾಗಗಳು ಬೆಂಗಳೂರಿನಲ್ಲಿ ವಿರಳ. 2022ರಲ್ಲಿ ತೋಟಗಾರಿಕೆ ಇಲಾಖೆ ಕಬ್ಬನ್ ಉದ್ಯಾನಕ್ಕೆ ಸಾಕುನಾಯಿಗಳ ಪ್ರವೇಶವನ್ನೇ ತಡೆಯಲು ಮುಂದಾಗಿ, ನಾಯಿ ಸಾಕುವವರ ಪ್ರತಿಭಟನೆಯ ನಂತರ ಹಿಂದೆ ಸರಿಯಿತು. ಸಾಕುನಾಯಿಗಳನ್ನು ನಿಷೇಧಿಸುವ ಅಧಿಕಾರ ನಿವಾಸಿಗಳ ಸಂಘಗಳಿಗಿಲ್ಲವೆಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ಹೇಳುತ್ತದೆ. ಆದರೆ ಉದ್ಯಾನದ ಬಳಕೆಗೆ ಹೊತ್ತು ಗೊತ್ತುಪಡಿಸುವುದನ್ನು ಅದು ಅಡ್ಡಿಪಡಿಸುವುದಿಲ್ಲ. ನಾಯಿಗಳ ಮಲವನ್ನು ಮಾಲೀಕರೂ ಕೆಲಸಗಾರರೂ ತಪ್ಪದೆ ತೆಗೆಯುವ ಶಿಸ್ತು ಮೊದಲು ಬಂದರೆ, ಅಂಥ ಹೊತ್ತು ಕೇಳುವ ನೈತಿಕ ಬಲ ಅವರಿಗೆ ಬರುತ್ತದೆ. ಅಲ್ಲಿಯವರೆಗೆ ಹಗ್ಗ ಹಿಡಿದು ನಡೆಸುವ ಒಬ್ಬೊಬ್ಬರ ಅರ್ಧ ಗಂಟೆಯನ್ನು ಪೂರ್ತಿ ಬೆಲೆಗೇ ಕೊಳ್ಳಬೇಕಾಗುತ್ತದೆ. ಅಷ್ಟು ಕೊಡಲಾಗದವರು ದರ ಇಳಿಸಲು ಹಟ ಹಿಡಿಯುವ ಬದಲು ಎರಡು ಹೊತ್ತಿನಲ್ಲಿ ಒಂದು ಹೊತ್ತನ್ನು ತಾವೇ ನಡೆಸುವುದೇ ಲೇಸು.